ರಿಜಿಸ್ಟರಿನಲ್ಲಿದ್ದ ನನ್ನ ಸಹಿ

ನನಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ, ಅಂದರೆ ಉನ್ಮಾದಕ್ಕೆ ಏರುತ್ತದೆ, ಇನ್ನೊಮ್ಮೆ ವಿಪರೀತ ಕುಗ್ಗುತ್ತದೆ. ಅದಕ್ಕೆ ಹನ್ನೊಂದು ವರ್ಷದಿಂದ ಲೀಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತಿಂಗಳಿಗೊಮ್ಮೆ ಹತ್ತಿರದ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬೇಕು. ಟೋಕನ್ ತೆಗೆದುಕೊಂಡು ಕೂತು, ಡಾಕ್ಟರ್ ಹತ್ತಿರ ಚೀಟಿ ಬರೆಸಿಕೊಂಡು, ಆಮೇಲೆ ಔಷಧಿ ಕಿಟಕಿಗೆ ಬರಬೇಕು. ಅಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿರುತ್ತಾರೆ. ಫೈಲ್ ನಂಬರ್, ಹೆಸರು, ಎಷ್ಟು ಮಾತ್ರೆ, ಸಹಿ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಎಂದಿನಂತೆ ಸಹಿ ಮಾಡಿ ಪೆನ್ನು ವಾಪಸ್ ಕೊಟ್ಟೆ. ಕಿಟಕಿಯ ಆಚೆ ಕೂತಿದ್ದವರು ಮಾತ್ರೆ ಕೊಡಲಿಲ್ಲ. ರಿಜಿಸ್ಟರನ್ನೇ ನೋಡುತ್ತಿದ್ದರು. ಆಮೇಲೆ ಹಿಂದಿನ ತಿಂಗಳ ಪುಟ ತೆಗೆದರು. ಮತ್ತೆ ಈ ಪುಟಕ್ಕೆ ಬಂದರು.

"ಅಮ್ಮಾ, ಇದು ನಿಮ್ಮದೇ ಸಹಿನಾ?"

ಹೌದು ಅಂದೆ. ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಎರಡೂ ಸಹಿ ತೋರಿಸಿದರು. ನಾನು ಸಹಿಯ ಕೆಳಗೆ ಒಂದು ಗೆರೆ ಎಳೆಯುತ್ತೇನೆ, ಶಾಲೆಯ ದಿನಗಳಿಂದ ಬಂದ ಅಭ್ಯಾಸ. ಹಿಂದಿನ ತಿಂಗಳ ಗೆರೆ ನೆಟ್ಟಗಿತ್ತು. ಈಗಿನದು ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಹೋಗಿತ್ತು. ಹೆಸರಿನ ಮೊದಲ ಅಕ್ಷರ ಬಿಟ್ಟರೆ ಉಳಿದದ್ದು ಯಾರಿಗೂ ಓದಲು ಬರುವಂತಿರಲಿಲ್ಲ.

"ವಾಂತಿ ಆಗ್ತಿದೆಯಾ? ಭೇದಿ? ನಡೆಯುವಾಗ ವಾಲಿದ ಹಾಗೆ ಆಗುತ್ತಾ? ಬೇರೆ ಯಾವುದಾದ್ರೂ ಮಾತ್ರೆ ಶುರು ಮಾಡಿದ್ರಾ?"

ಎರಡು ದಿನದಿಂದ ಭೇದಿ ಆಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದೆ. ಮೂರು ವಾರದಿಂದ ಮಂಡಿ ನೋವಿಗೆ ಅಂತ ಇನ್ನೊಂದು ವಿಭಾಗದವರು ಕೊಟ್ಟ ನೋವಿನ ಮಾತ್ರೆ ನುಂಗುತ್ತಿದ್ದೆ. ಎಲ್ಲಾ ಹೇಳಿದೆ. ಅವರು ಮಾತ್ರೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟು, "ಇಲ್ಲೇ ಕೂತಿರಿ, ಎಲ್ಲೂ ಹೋಗ್ಬೇಡಿ" ಅಂದು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನ ರಕ್ತ ತೆಗೆದರು. ಲೀಥಿಯಂ ಮಟ್ಟ 1.8 ಬಂತು. ನನಗೆ ಇರಬೇಕಾದದ್ದು 0.6ರಿಂದ 0.8ರ ಒಳಗೆ. ಮೂರು ದಿನ ಡ್ರಿಪ್ ಹಾಕಿ ಮಲಗಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಿಟಕಿಗೆ ಬರುವ ಹತ್ತು ನಿಮಿಷ ಮೊದಲು ನಾನು ಡಾಕ್ಟರ ಎದುರು ಕೂತಿದ್ದೆ. "ಕೈ ತುಂಬಾ ನಡುಗ್ತಿದೆ ಡಾಕ್ಟ್ರೇ" ಅಂತ ಹೇಳಿದ್ದೆ. "ಆತಂಕ ಜಾಸ್ತಿಯಾಗಿದೆ, ಅದಕ್ಕೇ" ಅಂದರು. ನಿದ್ದೆಗೆ ಒಂದು ಮಾತ್ರೆ ಸೇರಿಸಿ ಚೀಟಿ ಬರೆದರು. ಕೆಟ್ಟ ಮನುಷ್ಯ ಅಲ್ಲ, ಮೃದುವಾಗಿಯೇ ಮಾತಾಡಿದರು. ಆದರೆ ಅವರು ನನ್ನನ್ನು ನೋಡಿದ್ದು ಅದೇ ಮೊದಲ ಸಲ. ಹೊರಗೆ ಜನ ತುಂಬಿದ್ದರು. ನನ್ನ ಫೈಲು ಮೂರು ಬೆರಳು ದಪ್ಪ. ಐದು ನಿಮಿಷದಲ್ಲಿ ಅದನ್ನು ಯಾರು ಓದಲು ಸಾಧ್ಯ?

ಲೀಥಿಯಂ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಕೈ ಸ್ವಲ್ಪ ನಡುಗುತ್ತದೆ. ಸಣ್ಣಗೆ, ಕಂಡೂ ಕಾಣದ ಹಾಗೆ. ನನಗೂ ಮೊದಲಿನಿಂದ ಇದೆ. ಅದಕ್ಕೆ ಗಾಬರಿ ಬೇಕಿಲ್ಲ. ಆದರೆ ಆ ನಡುಕ ಒರಟಾಗಿ, ದೊಡ್ಡದಾಗಿ ಬದಲಾದರೆ ಅದು ರಕ್ತದಲ್ಲಿ ಲೀಥಿಯಂ ಏರಿದ ಗುರುತು. ಬದಲಾಗಿದೆ ಅಂತ ಗೊತ್ತಾಗಬೇಕಾದರೆ ಮೊದಲು ಹೇಗಿತ್ತು ಅಂತ ನೋಡಿರಬೇಕು, ಅಲ್ವಾ? ಇಡೀ ಆಸ್ಪತ್ರೆಯಲ್ಲಿ ನನ್ನ ಕೈಯನ್ನು ತಿಂಗಳು ತಿಂಗಳು ನೋಡಿದ್ದವರು ಮಾತ್ರೆ ಕೊಡುವವರು ಒಬ್ಬರೇ. ಒಂಬತ್ತು ವರ್ಷದಿಂದ ಅದೇ ಕಿಟಕಿಯಲ್ಲಿದ್ದಾರೆ.

ನೋವಿನ ಮಾತ್ರೆಗೂ ಲೀಥಿಯಂಗೂ ಏನು ಸಂಬಂಧ ಅಂತ ನನಗೆ ಆ ವಾರ್ಡಿನಲ್ಲಿ ಮಲಗಿದ್ದಾಗ ಮೊದಲ ಸಲ ಯಾರೋ ಬಿಡಿಸಿ ಹೇಳಿದರು. ಲೀಥಿಯಂ ಒಂದು ಥರದ ಉಪ್ಪು. ನಮ್ಮ ಮೂತ್ರಪಿಂಡ ಅದನ್ನು ಸೋಡಿಯಂ ಜೊತೆ ಸೇರಿಸಿಯೇ ನೋಡುತ್ತದೆ. ಬೆವರು, ವಾಂತಿ, ಭೇದಿಯಿಂದ ಮೈಯಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಜೊತೆ ಲೀಥಿಯಮ್ಮೂ ಉಳಿದುಬಿಡುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಗಳೂ ಲೀಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಬಿಪಿಯ ಕೆಲವು ಮಾತ್ರೆಗಳೂ ಅಷ್ಟೇ. ನನ್ನ ಮೈಯಲ್ಲಿ ಬೇಸಿಗೆಯ ಬೆವರು, ನೋವಿನ ಮಾತ್ರೆ ಎರಡೂ ಸೇರಿಕೊಂಡಿದ್ದವು. ಮಂಡಿ ನೋಡಿದ ವಿಭಾಗದಲ್ಲಿ "ಬೇರೆ ಏನು ಮಾತ್ರೆ ತಗೊಳ್ತೀರಿ" ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಲ್ಲಿ ಎಲ್ಲರ ಎದುರು ಲೀಥಿಯಂ ಹೆಸರು ಹೇಳಲು ನಾಚಿಕೆಯಾಗಿತ್ತು.

ಈ ಔಷಧಿಯ ಚರಿತ್ರೆಯಲ್ಲೇ ಇಂಥದ್ದೊಂದು ಸಾವಿದೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯರು ಉನ್ಮಾದಕ್ಕೆ ಲೀಥಿಯಂ ಕೆಲಸ ಮಾಡುತ್ತದೆ ಅಂತ 1949ರಲ್ಲಿ ಪ್ರಕಟಿಸಿದರು. ಅವರ ಮೊದಲ ರೋಗಿ ವರ್ಷಗಟ್ಟಲೆ ಉನ್ಮಾದದಲ್ಲಿದ್ದವರು. ಲೀಥಿಯಂ ಕೊಟ್ಟ ಮೇಲೆ ಗುಣವಾಗಿ ಮನೆಗೆ ಹೋಗಿ ಮತ್ತೆ ಕೆಲಸಕ್ಕೆ ಸೇರಿದರು. ಆಮೇಲೆ ಮಾತ್ರೆ ಬಿಟ್ಟರು, ಕಾಯಿಲೆ ಮರಳಿತು. ಮತ್ತೆ ಲೀಥಿಯಂ ಶುರು ಮಾಡಿದಾಗ ಅದೇ ಮೈಗೆ ವಿಷವಾಗಿ 1950ರಲ್ಲಿ ತೀರಿಕೊಂಡರು. ರಕ್ತದಲ್ಲಿ ಎಷ್ಟಿದೆ ಅಂತ ಅಳೆದು ನೋಡಿ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಈಗ ಅಳೆಯಬಹುದು. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಆದ ಮೇಲೆ ರಕ್ತ ಕೊಟ್ಟರೆ ಮುಗಿಯಿತು. ನನ್ನ ಫೈಲಿನಲ್ಲಿ 1.8 ಬಂದ ಆ ಪರೀಕ್ಷೆಗೂ ಹಿಂದಿನ ವರದಿ ಹದಿನೇಳು ತಿಂಗಳು ಹಳೆಯದಾಗಿತ್ತು. ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಯೂ ಅದರ ಜೊತೆ. ಪ್ರತಿಯೊಬ್ಬ ಡಾಕ್ಟರೂ ಹಿಂದಿನವರು ಮಾಡಿಸಿರುತ್ತಾರೆ ಅಂದುಕೊಂಡರು ಅಂತ ಕಾಣುತ್ತೆ.

ವಾರ್ಡಿನಲ್ಲಿ ಫೈಲು ಮಂಚದ ಕೊನೆಯಲ್ಲೇ ನೇತಾಡುತ್ತಿತ್ತು. ಎರಡನೇ ದಿನ ಕೈ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ನರ್ಸನ್ನು ಕೇಳಿ ಅದನ್ನು ತೆಗೆದುಕೊಂಡು ಓದಿದೆ. ಮೊದಲ ಪುಟದಿಂದ ಕೊನೆಯವರೆಗೆ. ಹನ್ನೊಂದು ವರ್ಷದಲ್ಲಿ ಇಪ್ಪತ್ಮೂರು ಡಾಕ್ಟರ ಅಕ್ಷರ ಎಣಿಸಿದೆ. ಅತಿ ಹೆಚ್ಚು ಕಾಲ ನನ್ನನ್ನು ನೋಡಿದವರು ಹದಿನಾಲ್ಕು ತಿಂಗಳು. ಅವರ ಕಾಲದ ಪುಟಗಳಲ್ಲಿ ಮಾತ್ರ ನನ್ನ ಕೆಲಸದ ಬಗ್ಗೆ, ಅಮ್ಮನ ಬಗ್ಗೆ ಒಂದೆರಡು ಸಾಲಿದೆ. ಉಳಿದ ಪುಟಗಳಲ್ಲಿ ಹೆಚ್ಚಿನ ಕಡೆ ಇರುವುದು ಒಂದೇ ಮಾತು: ಅದೇ ಮಾತ್ರೆ ಮುಂದುವರಿಸಿ.

ಇಪ್ಪತ್ಮೂರು ಜನ ಅಂದರೆ ಇಪ್ಪತ್ಮೂರು ಸಲ ನನ್ನ ಕಥೆ ಮೊದಲಿನಿಂದ ಹೇಳಿದ್ದೇನೆ. "ಯಾವಾಗ ಶುರುವಾಯ್ತು, ಹೇಗೆ ಶುರುವಾಯ್ತು" ಅಂತ ಕೇಳುತ್ತಾರೆ. ನನ್ನ ಬದುಕಿನ ಅತಿ ಕೆಟ್ಟ ಎರಡು ವಾರ ಅದು. ಅದನ್ನು ಹೇಳಿದ ದಿನ ಮನೆಗೆ ಬಂದು ಬೇರೆ ಏನೂ ಮಾಡಲು ಆಗುವುದಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ಮುಂದಿನ ಟೋಕನ್ನಿನವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದರು. ಒಮ್ಮೆ ಹಾಗೆ ಯಾರೋ ನಿಂತಿದ್ದಾಗಲೇ ಡಾಕ್ಟರ್ ಕೇಳಿದರು, "ಸಾಯಬೇಕು ಅಂತ ಅನ್ನಿಸ್ತಾ?" ಇಲ್ಲ ಅಂದೆ. ಆ ತಿಂಗಳು ಅದು ನಿಜವಾಗಿರಲಿಲ್ಲ. ಮನೆಗೆ ಬಂದು ಅಣ್ಣನ ಹತ್ತಿರ ಹೇಳಿಕೊಂಡೆ, ಅವನು ರಾತ್ರಿಯಿಡೀ ಪಕ್ಕದಲ್ಲೇ ಕೂತಿದ್ದ. ಎಲ್ಲರಿಗೂ ಅಂಥ ಅಣ್ಣ ಇರುವುದಿಲ್ಲ. ಬಾಗಿಲು ಮುಚ್ಚಿ ಆ ಪ್ರಶ್ನೆ ಕೇಳಿದ್ದರೆ ನಾನು ಅಲ್ಲೇ ನಿಜ ಹೇಳುತ್ತಿದ್ದೆ.

ಅಣ್ಣ ಜೊತೆಗೆ ಬಂದರೆ ಇನ್ನೊಂದು ಕಷ್ಟ. ನಾನು ಎದುರಿನ ಕುರ್ಚಿಯಲ್ಲೇ ಕೂತಿದ್ದರೂ "ಇವರು ಮಾತ್ರೆ ಸರಿಯಾಗಿ ತಗೊಳ್ತಾರಾ" ಅಂತ ಅವನನ್ನೇ ಕೇಳುತ್ತಾರೆ. "ಅವಳನ್ನೇ ಕೇಳಿ ಸರ್" ಅಂತ ಅವನು ಪ್ರತಿ ಸಲ ಹೇಳಬೇಕು.

ಕೋಪದ ವಿಷಯ ನನ್ನನ್ನು ಇದೆಲ್ಲಕ್ಕಿಂತ ಜಾಸ್ತಿ ಕಾಡಿದೆ. ಐದು ವರ್ಷದ ಹಿಂದೆ ಒಂದು ದಿನ ನನ್ನ ಟೋಕನ್ ಬಿಟ್ಟು ಮುಂದಿನವರನ್ನು ಕರೆದರು. ಬೆಳಗ್ಗೆಯಿಂದ ಕಾದಿದ್ದೆ. ಕೆಲಸಕ್ಕೆ ಅರ್ಧ ದಿನ ಮಾತ್ರ ರಜೆ ಹಾಕಿದ್ದೆ. ಎದ್ದು ಹೋಗಿ ಸ್ವಲ್ಪ ಜೋರಾಗಿಯೇ ಕೇಳಿದೆ. ಅಷ್ಟೇ. ಒಳಗೆ ಹೋದಾಗಲೂ ನನ್ನ ದನಿ ಇಳಿದಿರಲಿಲ್ಲ. ಅವತ್ತು ಇನ್ನೊಂದು ಮಾತ್ರೆಯ ಡೋಸು ಏರಿಸಿದರು. ಯಾಕೆ ಅಂತ ಅವತ್ತು ತಿಳಿಯಲಿಲ್ಲ. ವಾರ್ಡಿನಲ್ಲಿ ಫೈಲು ಓದುವಾಗ ಆ ದಿನದ ಪುಟ ಸಿಕ್ಕಿತು. "ಸಿಡಿಮಿಡಿ, ಮಾತು ಜಾಸ್ತಿ, ಜಗಳ" ಅಂತ ಬರೆದಿತ್ತು. ಟೋಕನ್ ಬಿಟ್ಟುಹೋದ ವಿಷಯ ಎಲ್ಲೂ ಇರಲಿಲ್ಲ. ಆ ಜಾಸ್ತಿ ಡೋಸಿನಿಂದ ನಾನು ನಾಲ್ಕು ತಿಂಗಳು ಮಂಕಾಗಿದ್ದೆ. ಬೆಳಗ್ಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಅರ್ಧ ದಿನ ರಜೆ ಉಳಿಸಿಕೊಳ್ಳಲು ಹೋಗಿ ಕೆಲಸವೇ ಹೋಯಿತು.

ನನ್ನ ಕಾಯಿಲೆಯಲ್ಲಿ ಕೋಪ ಬರುವುದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಾಯಿಲೆಯ ಕೋಪಕ್ಕೂ ಕಾದು ಕಾದು ಬಂದ ಕೋಪಕ್ಕೂ ವ್ಯತ್ಯಾಸ ನನಗೆ ಗೊತ್ತು, ಅಣ್ಣನಿಗೂ ಗೊತ್ತು. ಉನ್ಮಾದ ಶುರುವಾಗುವಾಗ ನಾನು ಎರಡು ಮೂರು ಗಂಟೆ ಮಾತ್ರ ಮಲಗುತ್ತೇನೆ, ಆದರೂ ಮರುದಿನ ಸುಸ್ತಾಗುವುದಿಲ್ಲ. ಮನೆಯ ಸಾಮಾನೆಲ್ಲ ಜಾಗ ಬದಲಿಸುತ್ತೇನೆ. ಹಳೆಯ ಗೆಳತಿಯರಿಗೆಲ್ಲ ನಡುರಾತ್ರಿ ಫೋನ್ ಮಾಡುತ್ತೇನೆ. ನನ್ನನ್ನು ನಾಲ್ಕು ಸಲ ನೋಡಿದ ಡಾಕ್ಟರಾಗಿದ್ದರೆ "ರಾತ್ರಿ ನಿದ್ದೆ ಮಾಡಿದ್ರಾ" ಅಂತ ಒಂದು ಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತಿದ್ದರು. ಆ ಹಿಂದಿನ ರಾತ್ರಿ ನಾನು ಏಳು ಗಂಟೆ ಮಲಗಿದ್ದೆ.

ಅಲ್ಲಿಂದೀಚೆಗೆ ಎಷ್ಟೇ ತೊಂದರೆಯಾದರೂ ಸುಮ್ನೆ ಇರುವುದನ್ನು ಕಲಿತೆ. ಕೈ ನಡುಗುತ್ತಿದೆ ಅಂತ ಹೇಳಿದಾಗ "ಆತಂಕ" ಅಂದರಲ್ಲ, ಆಗಲೂ ನಾನು ವಾದ ಮಾಡದೆ ಎದ್ದು ಬಂದೆ. ವಾದ ಮಾಡಿದರೆ ಏನು ಬರೆಯುತ್ತಾರೋ ಅನ್ನುವ ಭಯ. ಇದೇ ಭಯ ಇರುವವರು ಎಷ್ಟು ಜನರಿದ್ದಾರೋ. ಹೊಟ್ಟೆ ನೋವು, ಎದೆ ನೋವು ಅಂದರೂ "ಮನಸ್ಸಿಗೆ ಹಚ್ಕೋಬೇಡಿ" ಅನ್ನಿಸಿಕೊಂಡು ವಾಪಸ್ ಬಂದವರನ್ನು ನಾನೇ ಆ ಬೆಂಚಿನ ಮೇಲೆ ನೋಡಿದ್ದೇನೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದರಲ್ಲಿ ಬಹಳಷ್ಟು ಸಾವಿಗೆ ಕಾರಣ ಹೃದಯದಂಥ ದೇಹದ ಕಾಯಿಲೆಗಳು. ನನ್ನ ಕೈ ನಡುಕಕ್ಕೆ ಆದದ್ದೇ ಇನ್ನೊಬ್ಬರ ಎದೆ ನೋವಿಗೂ ಆಗಬಹುದಲ್ಲ ಅನ್ನಿಸುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಎರಡು ಕೆಲಸ ಮಾಡಿದೆ.

ಮೊದಲನೆಯದು ಅರ್ಧ ಹಾಳೆ. ಅದರಲ್ಲಿ ನನ್ನ ಕೈಯಾರೆ ಎಲ್ಲ ಬರೆದಿಟ್ಟಿದ್ದೇನೆ. ಕಾಯಿಲೆಯ ಹೆಸರು. ಯಾವ ಮಾತ್ರೆ, ಎಷ್ಟು, ಯಾವಾಗಿನಿಂದ. ಕೊನೆಯ ರಕ್ತ ಪರೀಕ್ಷೆಯ ದಿನಾಂಕ, ಮಟ್ಟ. ಹಿಂದೆ ಕೊಟ್ಟು ಆಗದೇ ಹೋದ ಮಾತ್ರೆಗಳು. ಕಾಯಿಲೆ ಮರಳುವಾಗ ಮೊದಲು ಕಾಣುವ ಗುರುತುಗಳು. ಕೊಡಬಾರದ ನೋವಿನ ಮಾತ್ರೆಗಳು. ಅಣ್ಣನ ಫೋನ್ ನಂಬರ್. "ಮೊದಲಿನಿಂದ ಹೇಳಿ" ಅಂದ ಕೂಡಲೇ ಈಗ ಆ ಹಾಳೆ ಕೊಡುತ್ತೇನೆ. ಹೆಚ್ಚಿನವರು ಓದುತ್ತಾರೆ. ಹಲ್ಲಿನ ಡಾಕ್ಟರಿಗೂ ಅದನ್ನೇ ತೋರಿಸುತ್ತೇನೆ. ನಾಚಿಕೆ ಪೂರ್ತಿ ಹೋಗಿಲ್ಲ, ಆದರೂ ತೋರಿಸುತ್ತೇನೆ.

ಎರಡನೆಯದು ಪತ್ರ. ಬೆಂಚಿನ ಮೇಲೆ ವರ್ಷಗಟ್ಟಲೆ ಒಟ್ಟಿಗೆ ಕೂತು ಮುಖ ಪರಿಚಯವಾದವರು ನಾವು ಏಳು ಜನ. ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆದೆವು. ನಮ್ಮಲ್ಲಿ ಹಿರಿಯರೊಬ್ಬರ ಅಕ್ಷರ ಮುತ್ತಿನ ಹಾಗಿದೆ, ಅವರೇ ಬರೆದರು. ಒಬ್ಬ ಹುಡುಗ ತನ್ನ ತಾಯಿಯ ಪರವಾಗಿ ಬಂದಿದ್ದ. ಎಂಟನೆಯವರು ಪತ್ರ ಓದಿ, "ಎಲ್ಲಾ ನಿಜ, ಆದ್ರೆ ನಾನು ಸಹಿ ಹಾಕಲ್ಲ. ಮಾತ್ರೆ ಕೊಡೋದು ನಿಲ್ಲಿಸಿಬಿಟ್ರೆ?" ಅಂದರು. ಅವರನ್ನು ಒತ್ತಾಯ ಮಾಡಲಿಲ್ಲ. ಆ ಹೆದರಿಕೆ ಸುಳ್ಳು ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾವು ಕೇಳಿದ್ದು ದೊಡ್ಡದೇನಲ್ಲ. ಪ್ರತಿ ಫೈಲಿನ ಮೊದಲಲ್ಲಿ ಒಂದು ಸಾರಾಂಶದ ಹಾಳೆ ಇರಲಿ, ಅದರಲ್ಲಿ ಮುಂದಿನ ರಕ್ತ ಪರೀಕ್ಷೆಯ ದಿನಾಂಕ ಕೆಂಪು ಶಾಯಿಯಲ್ಲಿರಲಿ. ಮಾತಾಡುವಾಗ ಬಾಗಿಲು ಮುಚ್ಚಿರಲಿ. ಒಬ್ಬ ರೋಗಿಯನ್ನು ಆದಷ್ಟು ಒಬ್ಬರೇ ಡಾಕ್ಟರ್ ನೋಡಲಿ. ಕೊನೆಯದಕ್ಕೆ ಆಧಾರವನ್ನೂ ಕೊಟ್ಟೆವು. ಒಬ್ಬರೇ ಡಾಕ್ಟರ್ ನೋಡುತ್ತಾ ಬಂದರೆ ಸಾವು ಕಡಿಮೆಯಾಗುತ್ತದೆಯೇ ಅಂತ ಒಂಬತ್ತು ದೇಶಗಳಲ್ಲಿ ಆದ 22 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು 2018ರಲ್ಲಿ ಬಂತು. ಅವುಗಳಲ್ಲಿ 18ರಲ್ಲಿ ಕಡಿಮೆಯಾದದ್ದು ಕಂಡಿತ್ತು. ಆ ಹುಡುಗ ಇನ್ನೊಂದು ವಿಷಯ ಸೇರಿಸಿದ. ಅವನ ತಾಯಿಯನ್ನು ವಾರ್ಡಿನಿಂದ ಕಳಿಸುವಾಗ ಮುಂದಿನ ಭೇಟಿಗೆ ಆರು ವಾರದ ನಂತರದ ದಿನಾಂಕ ಕೊಟ್ಟಿದ್ದರು. ಮಾನಸಿಕ ವಾರ್ಡಿನಿಂದ ಮನೆಗೆ ಬಂದ ಮೊದಲ ವಾರಗಳೇ ಅತಿ ಅಪಾಯದ ಸಮಯ. ಇಂಗ್ಲೆಂಡಿನಲ್ಲಿ 72 ಗಂಟೆಯೊಳಗೆ ಯಾರಾದರೂ ವಿಚಾರಿಸಬೇಕು ಅಂತ ನಿಯಮ ಇದೆ. ಮೂರನೇ ದಿನ ಒಂದು ಫೋನ್ ಮಾಡಿದರೂ ಸಾಕು ಅಂತ ಅವನು ಬರೆಸಿದ.

ಎರಡು ತಿಂಗಳಾದ ಮೇಲೆ ನಮ್ಮಲ್ಲಿ ಇಬ್ಬರನ್ನು ಕರೆಸಿದರು. ಮುಖ್ಯಸ್ಥರು ಅರ್ಧ ಗಂಟೆ ಕೂತು ಕೇಳಿದರು. ಹನ್ನೊಂದು ವರ್ಷದಲ್ಲಿ ಅಲ್ಲಿ ಯಾರೂ ನನ್ನ ಜೊತೆ ಅಷ್ಟು ಹೊತ್ತು ಕೂತಿರಲಿಲ್ಲ. ಅವರ ಕಷ್ಟವೂ ಗೊತ್ತಾಯಿತು. ಕಾಯಂ ಡಾಕ್ಟರುಗಳು ಇಬ್ಬರೇ. ಉಳಿದವರು ತರಬೇತಿಗೆ ಬಂದವರು, ಕೆಲವು ತಿಂಗಳಿಗೆ ಬದಲಾಗುತ್ತಾರೆ. "ನಿಮ್ಮನ್ನು ನೋಡೋಕೆ ನನಗೂ ಟೈಮ್ ಬೇಕು ಅಂತ ನಾನೂ ಮೇಲಿನವರಿಗೆ ಬರೀತಾನೇ ಇದ್ದೀನಿ" ಅಂದರು. ನಂಬಿದೆ. ಹೊರಡುವಾಗ ನಾನು ಮಾತ್ರೆ ಕಿಟಕಿಯವರ ವಿಷಯ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ನನ್ನ ಫೈಲಿನಲ್ಲಿ "ರಕ್ತ ಪರೀಕ್ಷೆಯಿಂದ ಪತ್ತೆ" ಅಂತ ಬರೆದಿತ್ತು.

ಈಗ ಅರ್ಧದಷ್ಟು ಫೈಲುಗಳಿಗೆ ಸಾರಾಂಶದ ಹಾಳೆ ಬಂದಿದೆ. ಬಾಗಿಲು ಮುಚ್ಚುತ್ತಾರೆ, ಕಾಯುವ ಕುರ್ಚಿಗಳನ್ನು ಗೋಡೆಯ ಆ ಕಡೆಗೆ ಸರಿಸಿದ್ದಾರೆ. ಮೂರನೇ ದಿನದ ಫೋನ್ ಇನ್ನೂ ಶುರುವಾಗಿಲ್ಲ. ಒಬ್ಬರೇ ಡಾಕ್ಟರ್ ಅನ್ನುವುದಕ್ಕೆ "ನೋಡೋಣ" ಅಂದಿದ್ದಾರೆ. ಅದಕ್ಕೆ ಇನ್ನೊಂದು ಪತ್ರ ಕಳಿಸಿದ್ದೇವೆ. ಡಾಕ್ಟರ್ ಬದಲಾಗುವುದು ತಪ್ಪದಿದ್ದರೆ ಬದಲಾಗಲಿ, ಆದರೆ ಹೋಗುವವರು ಬರುವವರಿಗೆ ನಮ್ಮನ್ನು ಒಂದು ಸಲ ಎದುರೆದುರು ಪರಿಚಯ ಮಾಡಿಕೊಟ್ಟು ಹೋಗಲಿ, ಹತ್ತು ನಿಮಿಷ ಸಾಕು ಅಂತ.

ಲೀಥಿಯಂ ತೆಗೆದುಕೊಳ್ಳುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಕೊನೆಯ ರಕ್ತ ಪರೀಕ್ಷೆ ಯಾವಾಗ ಆಯಿತು ಅಂತ ಇವತ್ತೇ ನೋಡಿ. ಹೆದರಿ ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಕಾಯಿಲೆ ಜೋರಾಗಿ ಮರಳಬಹುದು. ಕೈ ಒರಟಾಗಿ ನಡುಗಿದರೆ, ವಾಂತಿ ಭೇದಿ ಬಿಡದಿದ್ದರೆ, ನಾಲಿಗೆ ತೊದಲಿದರೆ, ನಡಿಗೆ ವಾಲಿದರೆ ಅವತ್ತೇ ತುರ್ತು ಚಿಕಿತ್ಸೆಗೆ ಹೋಗಿ. "ನಾನು ಲೀಥಿಯಂ ಮೇಲಿದ್ದೇನೆ, ಮಟ್ಟ ನೋಡಿ" ಅಂತ ಗಟ್ಟಿಯಾಗಿ ಹೇಳಿ. ಕೋಪ ಬಂದಿದೆ ಅಂದುಕೊಂಡರೂ ಪರವಾಗಿಲ್ಲ.

ಬರುವ ಮಂಗಳವಾರ ನನ್ನ ಸರದಿ. ಅರ್ಧ ಹಾಳೆ ಹೊಸದಾಗಿ ಬರೆದಿಟ್ಟಿದ್ದೇನೆ. ಮಟ್ಟ 0.7. ಮಂಡಿ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ನೋಡುವ ಡಾಕ್ಟರ ಹೆಸರಿನ ಜಾಗ ಖಾಲಿ ಇದೆ. ಒಳಗೆ ಹೋದ ಮೇಲೆ ಕೇಳಿ ತುಂಬಬೇಕು.